ಜಕಾರ್ತದಲ್ಲಿ ಬೆಟ್ಟ ಕಂಡ ದಿನ

ಆ ದಿನ ಬೆಳಿಗ್ಗೆ ಜಕಾರ್ತದಲ್ಲಿ ಬೆಟ್ಟ ಕಾಣಿಸಿತು. ಆಮೇಲೆ ಆದದ್ದಕ್ಕೆಲ್ಲ ಅದೇ ಕಾರಣ. ವಕಿದಿಯನ್ನು ಬೈದು ಪ್ರಯೋಜನವಿಲ್ಲ.

ನಮ್ಮ ಈ ನಗರಕ್ಕೆ ಬೆಟ್ಟ ಕಾಣಿಸುವುದು ವರ್ಷದಲ್ಲಿ ನಾಲ್ಕೋ ಐದೋ ದಿನ. ರಂಜಾನ್ ಹಬ್ಬಕ್ಕೆಂದು ಅರ್ಧ ನಗರವೇ ಹಳ್ಳಿಗಳಿಗೆ ಹೋಗಿರುತ್ತದೆ, ಕಾರ್ಖಾನೆಗಳು ಬಾಗಿಲು ಹಾಕಿರುತ್ತವೆ, ಬಸ್ಸುಗಳ ಹೊಗೆ ಇರುವುದಿಲ್ಲ. ಅದರ ಮೇಲೆ ರಾತ್ರಿ ಒಂದು ಮಳೆ ಬಿತ್ತೋ, ಬೆಳಿಗ್ಗೆ ಹಲ್ಲುಜ್ಜುತ್ತಾ ನೋಡಿದರೆ ರಸ್ತೆಯ ತುದಿಯಲ್ಲಿ ನೀಲಿ ಬೆಟ್ಟವೊಂದು ಹೇಳದೆ ಕೇಳದೆ ಬಂದ ನೆಂಟನ ಹಾಗೆ ಕೂತಿರುತ್ತದೆ. ನಿಜವೋ ಕನಸೋ ಎಂದು ಕಣ್ಣುಜ್ಜಿಕೊಳ್ಳಬೇಕು. ಹತ್ತು ಗಂಟೆಗೆಲ್ಲ ಎದ್ದು ಹೋಗಿಬಿಡುತ್ತದೆ.

ವಕಿದಿ ಸೆನೆನ್ ಮಾರುಕಟ್ಟೆಯ ಒಂದು ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುವವನು. ಮೆರಾಪಿ ಬೆಟ್ಟದ ತಪ್ಪಲಿನ ಹಳ್ಳಿಯಿಂದ ಬಂದು ನಮ್ಮ ಓಣಿಯಲ್ಲಿ ಕೋಣೆ ಹಿಡಿದು ಒಂದು ವರ್ಷವಾಗಿತ್ತು. ಹುಡುಗ ಒಳ್ಳೆಯವನೇ. ಆದರೆ ಚಲಿಸುವ ಯಾವುದರ ಮೇಲೆ ಕೂರಿಸಿದರೂ ನಿದ್ದೆ ಹೋಗುತ್ತಿದ್ದ. ಅದು ಸಾಲದೆಂದು ಅವನ ಬಾಯಲ್ಲಿ ‘ಇಲ್ಲ’, ‘ಗೊತ್ತಿಲ್ಲ’ ಎಂಬ ಎರಡು ಮಾತು ಹೊರಡುತ್ತಿರಲಿಲ್ಲ. ಇದಕ್ಕೆ ಅವನೊಬ್ಬನನ್ನೇ ಅನ್ನುವಂತಿಲ್ಲ, ಜಾವಾದ ನಾವೆಲ್ಲ ಹೀಗೆಯೇ. ದಾರಿ ಕೇಳಿದವನಿಗೆ ಗೊತ್ತಿಲ್ಲ ಎನ್ನುವುದೂ ಒಂದೇ, ಮನೆಗೆ ಬಂದವನಿಗೆ ನೀರಿಲ್ಲ ಎನ್ನುವುದೂ ಒಂದೇ. ಗೊತ್ತಿರಲಿ ಬಿಡಲಿ, ಮರ್ಯಾದೆಯಿಂದ ಹೆಬ್ಬೆರಳು ಮುಂದೆ ಮಾಡಿ ಯಾವುದೋ ಒಂದು ದಿಕ್ಕು ತೋರಿಸಿ ನಗುನಗುತ್ತಾ ಕಳಿಸಿಕೊಡುತ್ತೇವೆ. ತಲುಪುವುದು ಬಿಡುವುದು ಅವನ ಹಣೆಬರಹ.

ಮೆರಾಪಿ ತಪ್ಪಲಿನವರದ್ದು ಇನ್ನೂ ಒಂದು ಅಭ್ಯಾಸವುಂಟು. ಅವರಿಗೆ ಎಡ ಬಲ ಎಂಬುದಿಲ್ಲ, ಎಲ್ಲದಕ್ಕೂ ದಿಕ್ಕೇ. ಊಟಕ್ಕೆ ಕೂತಾಗಲೂ ‘ಸಾರಿನ ಬಟ್ಟಲು ಕೊಂಚ ಪೂರ್ವಕ್ಕೆ ತಳ್ಳು’ ಎನ್ನುವ ಜನ. ಉತ್ತರ ಯಾವುದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ತಲೆ ಎತ್ತಿದರೆ ಬೆಟ್ಟ. ಬೆಟ್ಟ ಇದ್ದ ಕಡೆ ಉತ್ತರ. ಹಾಲು ಕುಡಿಯುವ ಕೂಸಿಗೂ ಇದು ಗೊತ್ತು.

ಅಂಗಡಿಯ ಎದುರು ಗುಂಡಿ ಮಾರುವ ಪರ್ತಿನಿ ಎಂಬ ಹುಡುಗಿ ಇದ್ದಳು. ವಕಿದಿ ದಿನಕ್ಕೆ ನಾಲ್ಕು ಸಲ ಗುಂಡಿ ತರಲು ಹೋಗುತ್ತಿದ್ದ. ಕೊನೆಗೆ ಮಾಲೀಕನೇ ಅವನನ್ನು ಕರೆದು, ಒಂದು ಅಂಗಿಗೆ ಎಷ್ಟು ಗುಂಡಿ ಬೇಕಪ್ಪಾ ಎಂದು ವಿಚಾರಿಸಿದ್ದ. ಪರ್ತಿನಿಗೂ ಮನಸ್ಸಿತ್ತು. ಅವಳಿಗೆ ತಂದೆ ಇರಲಿಲ್ಲ. ಹಿರಿಯನೆಂದರೆ ಸಮುದ್ರದಾಚೆ ಲಂಪುಂಗ್‌ನಲ್ಲಿರುವ ದೊಡ್ಡಪ್ಪ. ಹಬ್ಬಕ್ಕೆ ಹಳ್ಳಿಗೆ ಬಂದ ಆ ದೊಡ್ಡಪ್ಪ ತಿರುಗಿ ಹೋಗುವಾಗ ಜಕಾರ್ತದಲ್ಲಿ ಇವರ ಮನೆಗೆ ಬರುವವನಿದ್ದ. ಹುಡುಗಿಯ ಮದುವೆ ಮಾತು ಮುಗಿಸಿಯೇ ಹಡಗು ಹತ್ತುತ್ತೇನೆ ಎಂದು ಹೇಳಿ ಕಳಿಸಿದ್ದ.

ಹಬ್ಬಕ್ಕೆ ಮುಂಚೆಯೇ ಪರ್ತಿನಿ ವಕಿದಿಗೆ ಎಲ್ಲ ಬಿಡಿಸಿ ಹೇಳಿದ್ದಳು. "ಬೇರೆ ಕಡೆಯಿಂದಾನೂ ಒಂದು ಮಾತು ಬಂದಿದೆ, ಅಮ್ಮನ ಮನಸ್ಸು ಆ ಕಡೆ ಇದೆ. ಶನಿವಾರ ಮಧ್ಯಾಹ್ನದ ಬಾಂಗು ಕೂಗೋದ್ರೊಳಗೆ ನೀನು ಬಂದು ದೊಡ್ಡಪ್ಪನ್ನ ಕೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ. ಸೆನೆನ್‌ನಿಂದ ಬಸ್ಸು ಹತ್ತಿ ಉತ್ತರಕ್ಕೆ ಬಾ. ಒಣಮೀನಿನ ವಾಸನೆ ಶುರುವಾದಲ್ಲಿ ಇಳಿದು, ಕೆನಾಂಗಾ ಓಣಿ, ಅಮ್ಮನ ಹೆಸರು ಹೇಳಿ, ಬು ಮರ್ನಿ ಮನೆ ಅಂತ ಕೇಳು. ದಾರೀಲಿ ನಿದ್ದೆ ಮಾಡಿದ್ಯೋ, ಮತ್ತೆ ನನ್ನ ಮುಖ ನೋಡ್ಬೇಡ."

ನಮ್ಮ ಓಣಿಯ ಹೆಂಗಸರು ಇಂಥದ್ದನ್ನು ಬಿಡುತ್ತಾರೆಯೇ? ಹೆಣ್ಣು ಕೇಳಲು ಹೋಗುವವನ ಪರವಾಗಿ ಹಿರಿಯನೊಬ್ಬ ಮಾತಾಡುವುದು ಪದ್ಧತಿ. ಓಣಿಯ ಹಿರಿಯರೆಲ್ಲ ಹಬ್ಬಕ್ಕೆ ಹೋಗಿದ್ದರಿಂದ ವಕಿದಿ ತನ್ನ ಪರವಾಗಿ ತಾನೇ ಮಾತಾಡಬೇಕಾಯಿತು. ಬಟ್ಟೆ ಒಗೆಯುವ ಬು ರುಕಿನಿ ತಾನೇ ದೊಡ್ಡಪ್ಪನಾಗಿ ಬಕೆಟ್ಟು ಬೋರಲು ಹಾಕಿಕೊಂಡು ಕೂತು ಅವನಿಗೆ ಆ ಮಾತನ್ನು ಹದಿನೈದು ದಿನ ಬಾಯಿಪಾಠ ಮಾಡಿಸಿದಳು. ಹೂವು, ಅಂಗಳ, ಬೇಲಿ ಎಲ್ಲ ಬರುವ ಹಳೇ ಕಾಲದ ಮಾತು. ಕೊನೆಯಲ್ಲಿ ಹುಡುಗನ ಹೆಸರು ಹೇಳುವ ಮುಂಚೆ ಒಂದು ಉಸಿರು ತಡೆಯಬೇಕು, ಆಗಲೇ ಅದಕ್ಕೆ ತೂಕ ಎಂದು ರುಕಿನಿ ಹೇಳಿದ್ದಳು. ಓಣಿಯ ಮಕ್ಕಳಿಗೂ ಅದು ಬಾಯಿಗೆ ಬಂದಿತ್ತು.

ಶನಿವಾರ ಬೆಳಿಗ್ಗೆ ಏಳಕ್ಕೆ ಮನೆಯ ಯಜಮಾನ ದರ್ತೋನ ಬಾತಿಕ್ ಅಂಗಿ ತೊಟ್ಟು ವಕಿದಿ ಹೊರಟ. ಆ ಅಂಗಿಯಲ್ಲಿ ಅವನಂಥವರು ಇನ್ನೊಬ್ಬರು ಹಿಡಿಸುತ್ತಿದ್ದರು. ಕೈಯಲ್ಲಿ ಅವನ ತಾಯಿ ದೊಡ್ಡಪ್ಪನಿಗೆಂದು ಊರಿನಿಂದ ಕಳಿಸಿದ ಸಲಾಕ್ ಹಣ್ಣಿನ ಬುಟ್ಟಿ. ನಿದ್ದೆ ಬಂದರೆ ಕಚ್ಚಲಿ ಎಂದು ರುಕಿನಿ ಅವನ ಜೇಬಿಗೆ ಏಳು ಹಸಿಮೆಣಸಿನಕಾಯಿ ಹಾಕಿದಳು.

ರೈಲು ನಿಲ್ದಾಣದ ಮುಂದಿನ ರಸ್ತೆ ಖಾಲಿ ಹೊಡೆಯುತ್ತಿತ್ತು. ಮಳೆಯಲ್ಲಿ ತೊಯ್ದ ಮರಗಳಿಂದ ಹನಿ ಬೀಳುವ ಸದ್ದು ಕೇಳಿಸುತ್ತಿತ್ತು; ಸೆನೆನ್‌ನಲ್ಲಿ ಅಂಥ ಸದ್ದು ಕೇಳಿದವರು ಯಾರೂ ಇಲ್ಲ. ಬಸ್ಸಿಗೆ ಕಾಯುತ್ತಾ ನಿಂತವನ ಹತ್ತಿರ ಒಬ್ಬ ಮುದುಕರು ಬಂದರು. ತಲೆಗೆ ಬಾತಿಕ್ ಪೇಟ, ಒಂದು ಕೈಯಲ್ಲಿ ಬಟ್ಟೆಗಂಟು, ಇನ್ನೊಂದರಲ್ಲಿ ದೊಡ್ಡ ಬಾಳೆಹಣ್ಣಿನ ಚಿಪ್ಪುಗಳು.

"ಮಗಾ, ಇಲ್ಲಿ ಉತ್ತರ ಯಾವ ಕಡೆ?" ಎಂದರು. ಅಪ್ಪಟ ತಪ್ಪಲಿನ ಮಾತು.

ವಕಿದಿಗೆ ಆ ಮಾತು ಕೇಳಿಯೇ ಊರಿಗೆ ಹೋದ ಹಾಗಾಯಿತು. ಗೊತ್ತಿಲ್ಲ ಎನ್ನುವ ಪ್ರಶ್ನೆಯೇ ಇರಲಿಲ್ಲ. ತಲೆ ಎತ್ತಿದ. ರಸ್ತೆಯ ತುದಿಯಲ್ಲಿ ನೀಲಿ ಬೆಟ್ಟ ಕೂತಿತ್ತು. ಒಂದು ವರ್ಷದಿಂದ ಈ ನಗರದಲ್ಲಿ ಅವನ ತಲೆ ತಿರುಗುತ್ತಲೇ ಇತ್ತು, ಈಗ ಭೂಮಿ ಸರಿಯಾಗಿ ನಿಂತಿತು. ಹೆಬ್ಬೆರಳು ಚಾಚಿ ತೋರಿಸಿದ.

"ಅಲ್ಲ ನೋಡು, ಕಣ್ಣೆದುರೇ ಇದೆ, ನಾನು ಕೇಳ್ತಿದೀನಿ," ಎಂದು ಮುದುಕರು ನಕ್ಕರು. ಇಬ್ಬರೂ ಬೆಟ್ಟದ ಕಡೆ ಹೋಗುವ ಬಸ್ಸು ಹತ್ತಿದರು. ಕೆನಾಂಗಾ ಓಣಿಗೆ ಹೋಗುತ್ತದೆಯೇ ಎಂದು ಮುದುಕರು ಕೇಳಿದ್ದಕ್ಕೆ ಕಂಡಕ್ಟರು, ಹೋಗದೆ ಏನು, ಹತ್ತಿ ಎಂದ. ಅವನದ್ದೂ ಸುಳ್ಳಲ್ಲ. ಜಕಾರ್ತದಲ್ಲಿ ಕೆನಾಂಗಾ ಓಣಿ ಇಲ್ಲದ ಬಡಾವಣೆ ಹುಡುಕುವುದೇ ಕಷ್ಟ.

ಕೆನಾಂಗಾ ಓಣಿ ಎಂದದ್ದೇ ವಕಿದಿಯ ಕಿವಿ ನಿಮಿರಿತು. ಆ ಓಣಿಯಲ್ಲಿ ಯಾರ ಮನೆ ಎಂದು ನಯವಾಗಿ ಕೇಳಿದ. ಬು ಮರ್ನಿಯ ಮನೆ ಎಂದರು ಮುದುಕರು.

"ಹುಡುಗಿ ಮದುವೆ ಮಾತು ಇವತ್ತು ಮುಗಿದೇ ಹೋಗ್ಬೇಕು ಮಗಾ. ಇಲ್ಲೇ ಯಾವನೋ ಕಾಜಾ ಹೊಲಿಯೋನು ಅವಳ ಹಿಂದೆ ಸುತ್ತುತಾನಂತೆ. ಕೂತಲ್ಲೇ ನಿದ್ದೆ ಹೊಡೀತಾನಂತೆ."

ವಕಿದಿ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡ. ದೊಡ್ಡಪ್ಪ! ಹಳ್ಳಿಯಿಂದ ರೈಲಿಳಿದು ನೇರ ಬಂದಿರುವ ದೊಡ್ಡಪ್ಪ, ತನ್ನ ಪಕ್ಕದಲ್ಲೇ, ತೊಡೆಗೆ ತೊಡೆ ತಾಗಿಸಿ ಕೂತಿದ್ದಾರೆ. ನೀವು ಹುಡುಗಿಗೆ ಏನಾಗಬೇಕು ಎಂದು ಹಿರಿಯರನ್ನು ಮುಖಕ್ಕೆ ಮುಖ ಕೊಟ್ಟು ಕೇಳುವುದು ನಮ್ಮಲ್ಲಿ ಇಲ್ಲ. ಕೇಳುವುದಾದರೂ ಏನಿತ್ತು? "ಅಂಥೋರೂ ಇರ್ತಾರೆ ಪಾಕ್," ಎಂದ, ಹಿರಿಯರನ್ನು ಕರೆಯುವ ಮರ್ಯಾದೆಯ ಮಾತಿನಲ್ಲೇ. ಹೆಸರು ಕೇಳಿದ್ದಕ್ಕೆ ದರ್ತೋ ಎಂದುಬಿಟ್ಟ. ಅಂಗಿ ಹೇಗೂ ಅವನದು, ಹೆಸರೂ ಅವನದೇ ಇರಲಿ. ಮೊದಲು ಮುದುಕರ ಮನಸ್ಸು ಗೆಲ್ಲಬೇಕು, ಮನೆ ಬಾಗಿಲಲ್ಲಿ ಕಾಲಿಗೆ ಬಿದ್ದು ನಾನೇ ಆ ವಕಿದಿ ಎನ್ನಬೇಕು. ಆಗ ಅವರು ಎತ್ತಿ ಅಪ್ಪಿಕೊಳ್ಳುತ್ತಾರೆ. ಪರ್ತಿನಿ ಬಾಗಿಲ ಮರೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾಳೆ.

ಮುದುಕರ ಹೆಸರು ಕರ್ಸೋ. ರಾತ್ರಿಯಿಡೀ ರೈಲಿನಲ್ಲಿ ಏನೂ ತಿಂದಿರಲಿಲ್ಲ. ಜೊತೆಗೆ ಬಂದ ಊರಿನ ಹಿರಿಯ ಚಿರೆಬೋನ್‌ನಲ್ಲಿ ಚಹಾ ಕುಡಿಯಲು ಇಳಿದು ಅಲ್ಲೇ ಉಳಿದನಂತೆ. ನಾಲ್ಕು ಜನರ ಮುಂದೆ ಬಾಯಿ ಬಿಡೋಕೆ ಅವನೇ ಗತಿಯಾಗಿದ್ದ, ನನಗೆ ನಾಲಿಗೆ ಒಣಗುತ್ತದೆ ಎಂದು ಪೇಚಾಡಿಕೊಂಡರು. ವಕಿದಿ ಬುಟ್ಟಿ ಬಿಚ್ಚಿದ. ಹಾವಿನ ಚರ್ಮದಂಥ ಸಿಪ್ಪೆ ಸುಲಿದು ಸಲಾಕ್ ಹಣ್ಣನ್ನು ಒಂದೊಂದಾಗಿ ಅವರ ಕೈಗಿಟ್ಟ. ದೊಡ್ಡಪ್ಪನಿಗೆ ತಂದದ್ದು, ದೊಡ್ಡಪ್ಪನ ಹೊಟ್ಟೆಗೇ ಹೋಗುತ್ತಿದೆ ಎಂದು ಅವನಿಗೆ ಸಮಾಧಾನ.

"ನೋಡು, ಬೆಟ್ಟ ದೊಡ್ಡದಾಗ್ತಾ ಇದೆ. ಸರಿಯಾದ ದಾರೀಲೇ ಇದೀವಿ," ಎಂದರು ಕರ್ಸೋ. ಹಾಗೆಂದವರೇ ವಕಿದಿಯ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದರು.

ವಕಿದಿ ಕದಲಲಿಲ್ಲ. ಮೆಣಸಿನಕಾಯಿ ಇದ್ದದ್ದು ಆ ಕಡೆಯ ಜೇಬಿನಲ್ಲಿ. ಕೈ ಹಾಕಿದರೆ ಹಿರಿಯರ ತಲೆ ಜಾರುತ್ತದೆ. ಕಿಟಕಿಯಿಂದ ತಣ್ಣನೆಯ ಗಾಳಿ, ಮುಂದೆ ತೇಲಿದ ಹಾಗೆ ಬೆಟ್ಟ, ಬಸ್ಸಿನ ಜೋಗುಳ. ಹಾಗೇ ನೋಡುತ್ತಿದ್ದಂತೆ ಬಸ್ಸು ಬೆಟ್ಟ ಹತ್ತತೊಡಗಿತು. ದಾರಿಯ ಎರಡೂ ಕಡೆ ಗುಂಡಿ ಬಿಡುವ ಗಿಡಗಳು, ಬಿಳಿ, ನೀಲಿ, ಮುತ್ತಿನ ಬಣ್ಣದ ಗುಂಡಿಗಳು. ಪರ್ತಿನಿ ಮಡಿಲಲ್ಲಿ ಅವನ್ನು ಕೊಯ್ದುಕೊಳ್ಳುತ್ತಾ, ಬೇಗ ಕಾಜಾ ಹೊಲಿ, ಬಾಂಗು ಕೂಗುವ ಹೊತ್ತಾಯಿತು ಎನ್ನುತ್ತಿದ್ದಳು. ಅವನು ಮೋಡಕ್ಕೆ ಕಾಜಾ ಹೊಲಿಯುತ್ತಿದ್ದ. ಎಷ್ಟು ಹೊಲಿದರೂ ಮೋಡ ಮುಗಿಯುತ್ತಿರಲಿಲ್ಲ.

ಎಚ್ಚರವಾದಾಗ ಬಸ್ಸು ಒಂದು ಮೈದಾನದಲ್ಲಿ ನಿಂತಿತ್ತು. ಡ್ರೈವರೂ ಇಲ್ಲ, ಕಂಡಕ್ಟರೂ ಇಲ್ಲ. ಗಂಟೆ ಒಂಬತ್ತೂಮುಕ್ಕಾಲು. ವಕಿದಿ ಗಾಬರಿಯಿಂದ ಮೂಗು ಎಳೆದು ನೋಡಿದ. ಒಣಮೀನಿನ ವಾಸನೆಯ ಸುಳಿವೇ ಇರಲಿಲ್ಲ.

ಇಳಿದು ದಾರಿ ಕೇಳಿದರು. ಬೀಡಿ ಸೇದುತ್ತಿದ್ದವನು ಪಶ್ಚಿಮಕ್ಕೆ ಹೆಬ್ಬೆರಳು ತೋರಿಸಿದ. ಪಶ್ಚಿಮದಲ್ಲಿ ಸಿಕ್ಕವನು ಪೂರ್ವಕ್ಕೆ ಕಳಿಸಿದ. ಎಲ್ಲರೂ ಎಂಥ ವಿನಯವಂತರು! ಒಬ್ಬನಂತೂ ಜೊತೆಗೇ ನೂರು ಹೆಜ್ಜೆ ಬಂದು ತಪ್ಪು ಓಣಿಯ ಬಾಯಿಗೆ ಬಿಟ್ಟು ಕೈಮುಗಿದು ಹೋದ. ವಕಿದಿ ಮುದುಕರ ಗಂಟನ್ನೂ ಬಾಳೆಹಣ್ಣನ್ನೂ ತಾನೇ ಹೊತ್ತ. ತಿಂದು ಖಾಲಿಯಾದ ತನ್ನ ಬುಟ್ಟಿಯನ್ನು ಎಲ್ಲಿಯೋ ಬಿಟ್ಟ.

ಕೊನೆಗೆ ಸಿಕ್ಕಿದ್ದು ಅನ್ನದ ಪೊಟ್ಟಣ ಮಾರುವ ಒಬ್ಬ ಅಜ್ಜಿ. ಆಕೆ ಈ ನಗರದ ಮೂಲದವಳು, ಬೆತಾವಿ. ಅವರಿಗೆ ನಮ್ಮ ಹಾಗೆ ಬೆಣ್ಣೆ ಹಚ್ಚಿ ಮಾತಾಡಲು ಬರುವುದಿಲ್ಲ. ಇಬ್ಬರೂ ಬಂದ ದಾರಿಯ ಕತೆ ಕೇಳಿ ಆಕೆ ಸೌಟು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯಾವ ಬುದ್ಧಿವಂತ ಹೇಳಿದ್ದು ಬೆಟ್ಟ ಉತ್ತರಕ್ಕಿದೆ ಅಂತ? ಇಲ್ಲಿ ಬೆಟ್ಟ ದಕ್ಷಿಣಕ್ಕೆ, ಸಮುದ್ರ ಉತ್ತರಕ್ಕೆ. ನಿಮ್ಮೂರಲ್ಲಿ ಹೇಗಿದ್ರೆ ನಮಗೇನು? ಇನ್ನೊಂದು ಗಳಿಗೆ ಹೋಗಿದ್ರೆ ಆ ಬೆಟ್ಟದ ಮೇಲೇ ಇರ್ತಿದ್ರಿ."

ಇಬ್ಬರೂ ತಿರುಗಿ ನೋಡಿದರು. ಬೆಟ್ಟ ಆಗಲೇ ಎದ್ದು ಹೋಗಿತ್ತು. ಕರ್ಸೋ ಫುಟ್‌ಪಾತಿನ ಮೇಲೆ ಕುಸಿದು ಕೂತರು. ಬೆಟ್ಟ ತೋರಿಸಿದ್ದು ನೀನೇ ಅಲ್ಲವೇ ಎಂದು ಅವರು ಬೈಯುತ್ತಾರೆಂದು ವಕಿದಿ ಕಾದ. ಅವರು ಬೈಯಲಿಲ್ಲ. "ನನಗೋಸ್ಕರ ನಿನ್ನ ಕೆಲಸಾನೂ ಹಾಳಾಯ್ತಲ್ಲ ಮಗಾ," ಎಂದರು. ವಕಿದಿಗೆ ಅಳುವೇ ಬಂತು. ಇಂಥ ದೊಡ್ಡಪ್ಪ ಸಿಗಬೇಕಾದರೆ ಪರ್ತಿನಿ ಪುಣ್ಯ ಮಾಡಿದ್ದಳು.

ಅಷ್ಟರಲ್ಲಿ ಮೀನು ಮಾರುಕಟ್ಟೆಗೆ ಐಸ್ ಗಡ್ಡೆ ಸಾಗಿಸುವ ಲಾರಿಯೊಂದು ಅಜ್ಜಿಯ ಹತ್ತಿರ ಅನ್ನ ಕಟ್ಟಿಸಿಕೊಳ್ಳಲು ನಿಂತಿತು. ಸಮುದ್ರದ ಕಡೆಗೇ ಹೋಗುವ ಲಾರಿ. ಅಜ್ಜಿ ಡ್ರೈವರನಿಗೆ ಎರಡು ಬೈಗುಳ ಬೈದು ಇಬ್ಬರನ್ನೂ ಹತ್ತಿಸಿದಳು. ಗೋಣಿ ಹೊದಿಸಿದ ಐಸ್ ಗಡ್ಡೆಗಳ ಮೇಲೆ ಅವರು ಕೂತರು. ಖಾಲಿ ರಸ್ತೆಯಲ್ಲಿ ಲಾರಿ ಓಡುತ್ತಿದ್ದರೆ ಬಿಸಿಲಿಗೆ ಐಸಿನ ಹಬೆ ಏಳುತ್ತಿತ್ತು. ಸುತ್ತ ಬಿಳಿ ಮಂಜು, ಮಂಜಿನಾಚೆ ಮುಚ್ಚಿದ ಅಂಗಡಿಗಳು, ಮಸೀದಿಯ ಗುಮ್ಮಟಗಳು, ಮಲಗಿದ ದೊಡ್ಡ ದೊಡ್ಡ ಕಟ್ಟಡಗಳು ಹಿಂದಕ್ಕೆ ಸರಿಯುತ್ತಿದ್ದವು. ಮೋಡದ ಮೇಲೆ ಕೂತು ಹೆಣ್ಣು ಕೇಳಲು ಹೋಗುತ್ತಿದ್ದೇನೆ ಎಂದುಕೊಂಡ ವಕಿದಿ. ಕೆಳಗೆ ಚಡ್ಡಿಯವರೆಗೂ ತೊಯ್ದಿದ್ದರಿಂದ ಈ ಸಲ ನಿದ್ದೆ ಬರಲಿಲ್ಲ.

ಒಣಮೀನಿನ ವಾಸನೆ ಬಂತು. ಇಳಿದು ಓಡಿದರು. ಬು ಮರ್ನಿಯ ಮನೆ ಮುಟ್ಟಿದಾಗ ಬಾಂಗಿಗೆ ಇನ್ನೂ ಕಾಲು ಗಂಟೆ ಇತ್ತು. ಈಗ ಕಾಲಿಗೆ ಬೀಳಬೇಕು ಎಂದು ವಕಿದಿ ಬಾಗಿಲಲ್ಲಿ ಬಾಳೆಹಣ್ಣು ಕೆಳಗಿಡುವಷ್ಟರಲ್ಲಿ ಒಳಗಿನಿಂದ ದಪ್ಪ ಮೀಸೆಯ ಒಬ್ಬರು ಎದ್ದು ಬಂದರು. "ಬನ್ನಿ ಬನ್ನಿ. ನಾನು ಪರ್ತಿನಿಯ ದೊಡ್ಡಪ್ಪ, ಲಂಪುಂಗ್‌ನವನು. ಬೆಳಿಗ್ಗೆಯಿಂದ ಕಾಯ್ತಾ ಇದೀನಿ," ಎಂದರು.

ವಕಿದಿ ಆ ಮೀಸೆಯನ್ನೂ ನೋಡಿದ, ಕರ್ಸೋರನ್ನೂ ನೋಡಿದ.

"ನಾನು ಕರ್ಸೋ, ಹುಡುಗನ ತಂದೆ. ಮಗ ಹಡಗಿನ ಕೆಲಸದಲ್ಲಿದಾನೆ, ರಜ ಸಿಗಲಿಲ್ಲ," ಎಂದರು ಮುದುಕರು. ವಕಿದಿಯ ಬೆನ್ನ ಮೇಲೆ ಕೈಯಿಟ್ಟು, "ಇವನು ದರ್ತೋ. ನಮ್ಮ ಕಡೆಯ ಮಾತು ಇವನೇ ಆಡ್ತಾನೆ," ಎಂದರು. ಆಮೇಲೆ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದರು. "ನಂಗೆ ನಾಲಿಗೆ ಒಣಗಿಹೋಗಿದೆ ಮಗಾ. ನೀನೇ ನನ್ನ ಮಾನ ಉಳಿಸು."

ಭೂಮಿ ಬಾಯಿಬಿಡಬಾರದೇ ಎಂದುಕೊಂಡ ವಕಿದಿ. ಅದು ಬಿಡಲಿಲ್ಲ. ಚಾಪೆಯ ಮೇಲೆ ಕೂರಿಸಿದರು. ಕೂತಲ್ಲಿ ಚಾಪೆ ಒದ್ದೆಯಾಯಿತು. ಕಿಟಕಿಗಳ ತುಂಬ ನೆರೆಹೊರೆಯವರ ತಲೆ. ದೊಡ್ಡಪ್ಪ ಗೋಡೆ ಗಡಿಯಾರ ನೋಡಿ, ಹೇಳುವುದು ಹೇಳಿ ಎಂದರು. ಆಗಲ್ಲ ಎಂದು ಎದ್ದುಬಿಡಬೇಕು. ಒಂದೇ ಮಾತು. ಆದರೆ ಪಕ್ಕದಲ್ಲಿ ಆ ಮುದುಕರು, ತನ್ನ ಭುಜದ ಮೇಲೆ ಮಲಗಿದ್ದವರು, ಕೈಮುಗಿಯುವ ಹಾಗೆ ನೋಡುತ್ತಿದ್ದರು. ವಕಿದಿ ಬಾಯಿ ತೆರೆದ. ಬಾಯಿಗೆ ಗೊತ್ತಿದ್ದದ್ದು ಒಂದೇ ಭಾಷಣ, ಅದೇ ಹೊರಟಿತು.

"ನಿಮ್ಮ ಅಂಗಳದಲ್ಲಿ ಒಂದು ಮಲ್ಲಿಗೆ ಅರಳಿದೆಯೆಂದು ದೂರದ ನಮ್ಮೂರಿನವರೆಗೂ ಪರಿಮಳ ಬಂತು. ಆ ಗಿಡಕ್ಕೆ ಯಾರಾದರೂ ಬೇಲಿ ಹಾಕಿದ್ದಾರೋ, ನಾವರಿಯೆವು. ಹಾಕಿಲ್ಲವಾದರೆ, ದಿನವೂ ನೀರೆರೆದು, ಬಿಸಿಲಿಗೆ ಬಾಡದಂತೆ ಕಾಯುವ ಒಬ್ಬ ಹುಡುಗ ನಮ್ಮಲ್ಲಿದ್ದಾನೆ. ಅವನಿಗೆ ಆಸ್ತಿ ಇಲ್ಲ, ಆಸೆಯಿದೆ. ಅವಳ ಕೈಯಿಂದ ಒಂದು ಲೋಟ ನೀರು ಸಿಕ್ಕರೆ ಅವನಿಗೆ ಜನ್ಮವೆಲ್ಲ ಹಬ್ಬ."

ಕೊನೆಯ ಮಾತಿಗೆ ಅವನ ಕಣ್ಣು ಒಳಬಾಗಿಲ ಕಡೆ ಹೋಯಿತು. ಅದು ಅಭಿನಯವಾಗಿರಲಿಲ್ಲ. ಅದೇ ಹೊತ್ತಿಗೆ ಪರ್ತಿನಿ ಚಹಾದ ತಟ್ಟೆ ಹಿಡಿದು ಬಂದಳು. ವಕಿದಿಯನ್ನು ಕಂಡು ಅವಳ ಮುಖ ಹೂವಾಯಿತು. ಬಂದನಲ್ಲ, ಬಾಂಗಿಗೆ ಮುಂಚೆ ಬಂದನಲ್ಲ ಎಂದು ಅವಳ ಕಣ್ಣು ಹೇಳುತ್ತಿತ್ತು.

"ಆ ಹುಡುಗನ ಹೆಸರು..." ಎಂದು ವಕಿದಿ, ರುಕಿನಿ ಕಲಿಸಿದ ಹಾಗೆ, ಒಂದು ಉಸಿರು ತಡೆದ.

"ಗಿಯಾರ್ತೋ," ಎಂದರು ಕರ್ಸೋ ಕಿವಿಯಲ್ಲಿ.

"ಗಿಯಾರ್ತೋ," ಎಂದಿತು ವಕಿದಿಯ ಬಾಯಿ.

ತಟ್ಟೆಯ ಮೇಲಿನ ಲೋಟಗಳು ಒಂದಕ್ಕೊಂದು ಬಡಿದುಕೊಂಡವು. ದೊಡ್ಡಪ್ಪ ಮೀಸೆಯ ಮೇಲೆ ಇಳಿದ ಕಣ್ಣೀರು ಒರೆಸಿಕೊಂಡರು. ಜಾವಾ ಬಿಟ್ಟು ಮೂವತ್ತು ವರ್ಷವಾಯಿತು, ಇಂಥ ಮಾತು ಕೇಳಿರಲಿಲ್ಲ ಎಂದರು. ಇನ್ನೊಬ್ಬ ಯಾವನೋ ವಕಿದಿ ಎಂಬುವನು ಬರಬೇಕಿತ್ತಂತೆ, ಯಾವ ಬಸ್ಸಿನಲ್ಲಿ ಮಲಗಿದ್ದಾನೋ ಎಂದು ನಕ್ಕರು. ಕಿಟಕಿಯವರೆಲ್ಲ ನಕ್ಕರು. ಎಲ್ಲರೂ ನಗುವಾಗ ಸುಮ್ಮನಿರುವುದು ಮರ್ಯಾದೆಯಲ್ಲವೆಂದು ವಕಿದಿಯೂ ನಕ್ಕ.

ಹುಡುಗಿಯನ್ನು ಕೇಳಬೇಕಲ್ಲ, ಕೇಳಿದರು. ಪರ್ತಿನಿ ವಕಿದಿಯ ಮುಂದೆ ಚಹಾ ಇಟ್ಟಳು. ಅವನನ್ನೇ ನೋಡುತ್ತಾ ದೊಡ್ಡಪ್ಪನಿಗೆ ಉತ್ತರ ಕೊಟ್ಟಳು.

"ಇಷ್ಟು ಚೆನ್ನಾಗಿ ಕೇಳೋರಿಗೆ ಬೇಡ ಅನ್ನೋದು ಹೇಗೆ ದೊಡ್ಡಪ್ಪ? ನಮ್ಮ ಜನಕ್ಕೆ ಅದೊಂದು ಮಾತು ಯಾರೂ ಕಲಿಸಿಲ್ಲ."

ಮಸೀದಿಯಿಂದ ಬಾಂಗು ಕೇಳಿಸಿತು. ಹುಡುಗನ ಕಡೆಯ ಬಾಳೆಹಣ್ಣು ಒಳಗೆ ಹೋಯಿತು, ಮಾತು ಗಟ್ಟಿಯಾದಂತೆ.

ಹೊರಡುವಾಗ ಕರ್ಸೋ ಅಂಗಳದಲ್ಲಿ ವಕಿದಿಯ ಎರಡೂ ಕೈ ಹಿಡಿದುಕೊಂಡರು. "ಮದುವೆ ನಮ್ಮೂರಲ್ಲೇ ಮಗಾ. ಅವತ್ತೂ ನಮ್ಮ ಕಡೆ ನೀನೇ ಮಾತಾಡ್ಬೇಕು. ದಾರಿ ಏನು, ಬೆಟ್ಟ ಇರೋ ಕಡೆ ಬಂದ್ರಾಯ್ತು. ಬರ್ತೀಯಲ್ಲ?"

ಬಾಗಿಲಲ್ಲಿ ಪರ್ತಿನಿ ಖಾಲಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಒಳಗೆ ಹೋಗಿರಲಿಲ್ಲ. ಅವನು ಏನನ್ನುತ್ತಾನೋ ಎಂದು ಕಾಯುತ್ತಿದ್ದಳು. ವಕಿದಿ ತಲೆ ಎತ್ತಿ ಒಂದು ಸಲ ಉತ್ತರಕ್ಕೆ ನೋಡಿದ, ಒಂದು ಸಲ ದಕ್ಷಿಣಕ್ಕೆ ನೋಡಿದ. ಎರಡೂ ಕಡೆ ಬರೀ ಮಬ್ಬು.

"ಬರ್ತೀನಿ ಪಾಕ್," ಎಂದ.